ಅಳಿಯಂದಿರ ಗುಂಡುಕಲ್ಲು

ಕಲ್ಲು ಜಾರಬಹುದಿತ್ತು. ಬೆಳಗಿನಿಂದ ಶ್ರಾವಣದ ಜಿಟಿಜಿಟಿ ಹಿಡಿದಿತ್ತು, ಹನುಮಪ್ಪನ ಗುಡಿಯ ಮುಂದಿನ ಆ ಗುಂಡುಕಲ್ಲು ಎಣ್ಣೆ ಹಚ್ಚಿದ ಕೂಸಿನ ತಲೆಯ ಹಾಗೆ ಮಿಂಚುತ್ತಿತ್ತು. ಜಾರಿದರೆ ಪಾದದ ಮೇಲೆ ಬೀಳಬಹುದಿತ್ತು. ಪಾದದ ಮೇಲೆ ಬಿದ್ದರೆ ಮಾಮಲೇದಾರರಿಗೆ ರಜೆಯ ಅರ್ಜಿ ಬರೆಯಬೇಕಿತ್ತು, ಅರ್ಜಿಯಲ್ಲಿ ಕಾರಣ ಕಾಣಿಸಬೇಕಿತ್ತು. 'ಮಾವನ ಊರಿನಲ್ಲಿ ಕಲ್ಲು ಎತ್ತಲು ಹೋಗಿ' ಎಂದು ಸರಕಾರಿ ಕಾಗದದ ಮೇಲೆ ಬರೆಯುವುದು ಹೇಗೆ? ಕಲ್ಲು ಜಾರದಿದ್ದರೆ ನಾನೇ ಜಾರಬಹುದಿತ್ತು. ಲಂಗೋಟಿಯ ಗಂಟು ಸಡಿಲಬಹುದಿತ್ತು. ನೋಡಲು ನಿಂತವರಲ್ಲಿ ಹೆಂಡತಿಯ ಕಡೆಯ ಹೆಣ್ಣುಮಕ್ಕಳೇ ಹೆಚ್ಚು. ಮಧ್ಯಾಹ್ನ ಒತ್ತಾಯಕ್ಕೆ ಉಂಡ ಕಡುಬು ಮತ್ತು ತುಪ್ಪ ಕಲ್ಲಿಗಿಂತ ಮೊದಲು ಮೇಲಕ್ಕೆ ಬರಬಹುದಿತ್ತು. ಕಣ್ಣಿಗೆ ಕತ್ತಲೆ ಕಟ್ಟಿ ಅಲ್ಲೇ ಕುಸಿಯಬಹುದಿತ್ತು. ನನ್ನ ನಡ, ಹಿಂದೊಮ್ಮೆ ಅಂದಂತೆ, 'ಕಟಕ್' ಅನ್ನಬಹುದಿತ್ತು. ಆಮೇಲೆ ಯಾರದೋ ಮನೆಯ ಬಾಗಿಲು ಕಿತ್ತು, ಅದರ ಮೇಲೆ ನನ್ನನ್ನು ಮಲಗಿಸಿ, ಚಕ್ಕಡಿಯಲ್ಲಿ ಹಿರೇಕೆರೂರಿನ ದವಾಖಾನೆಗೆ ಒಯ್ಯಬಹುದಿತ್ತು, ಹಾದಿಯುದ್ದಕ್ಕೂ ಹೆಂಡತಿ "ನಾ ಹೇಳಿದ್ನಿಲ್ಲೋ?" ಎನ್ನಬಹುದಿತ್ತು. ಸಾಯಲೂಬಹುದಿತ್ತು. ಸತ್ತರೂ ಅವಳು ಅದನ್ನೇ ಅನ್ನುತ್ತಿದ್ದಳು.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಏನೂ ಆಗದೆ ಇರಬಹುದಿತ್ತು. ಅಂದರೆ ನಾನು ಬಾಗಿ, ಕಲ್ಲನ್ನು ತಬ್ಬಿ, ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡರೂ ಅದು ಇದ್ದಲ್ಲೇ ಇದ್ದು, ಸುತ್ತಲಿನ ಮಂದಿ "ಹೋಗ್ಲಿ ಬಿಡ್ರಿ, ಪಾಪ" ಅನ್ನಬಹುದಿತ್ತು.

ಆ 'ಪಾಪ'ದ ಸಲುವಾಗಿಯೇ ಇಷ್ಟೆಲ್ಲ ಆದದ್ದು.

ನಾನು ಹುಟ್ಟಾ ಚಿಂತೆಯ ಮನುಷ್ಯ. ಬಸ್ಸು ಹತ್ತುವ ಮೊದಲು ಒಂದು ಸುತ್ತು ಹಾಕಿ ಗಾಲಿ ನೋಡುತ್ತೇನೆ. ಗಾಲಿ ನೋಡಿದರೆ ನನಗೇನೂ ತಿಳಿಯುವುದಿಲ್ಲ, ಆದರೂ ನೋಡುತ್ತೇನೆ. ಮನೆಗೆ ಕೀಲಿ ಹಾಕಿ ಓಣಿಯ ತುದಿಯವರೆಗೆ ಹೋದವನು ತಿರುಗಿ ಬಂದು ಕೀಲಿ ಜಗ್ಗುತ್ತೇನೆ. ಇಂಥವನಿಗೆ ಗುಂಡು ಎತ್ತುವ ಹುಚ್ಚು ಹೇಗೆ ಹತ್ತಿತು ಎಂದು ಕೇಳಿದವರಿಗೆ ನಾನು ಒಂದೇ ಉತ್ತರ ಹೇಳುತ್ತ ಬಂದಿದ್ದೇನೆ. ಹಾನಗಲ್ಲಿನಲ್ಲಿ ನಮ್ಮ ಓಣಿಗೊಂದು ತಾಲೀಮು ಇತ್ತು. ಗರಡಿಮನೆಗೆ ನಮ್ಮ ಕಡೆ ಹಾಗೂ ಅನ್ನುತ್ತಾರೆ. ನನ್ನ ವಾರಿಗೆಯವರೆಲ್ಲ ಕುಸ್ತಿ ಹಿಡಿಯುತ್ತಿದ್ದರು. ಕುಸ್ತಿಯಲ್ಲಿ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ, ಅವನು ಮುಂದೇನು ಮಾಡುತ್ತಾನೋ ಎಂಬ ಚಿಂತೆ ಇರುತ್ತದೆ. ಕಲ್ಲಿನ ಮನಸ್ಸಿನಲ್ಲಿ ಅಂಥದೇನೂ ಇರುವುದಿಲ್ಲ. ಆದ್ದರಿಂದ ಕಲ್ಲು ಆರಿಸಿಕೊಂಡೆ.

ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾದೆ. ಲೇಖನಿ ಹಿಡಿದ ಮೇಲೂ ಕಲ್ಲು ಬಿಡಲಿಲ್ಲ. ಕಾರಹುಣ್ಣಿಮೆ, ಪಂಚಮಿ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ಕರೆ ಬರುತ್ತಿತ್ತು. ಗುಂಡನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಬೆನ್ನ ಹಿಂದೆ ಒಗೆಯಬೇಕು, ಅಷ್ಟೇ ಆಟ. "ಕಾರಕೂನರು ಬಂದ್ರು, ಸರೀರಿ" ಅಂದರೆ ಮಂದಿ ಜಾಗ ಬಿಡುತ್ತಿದ್ದರು. ಕಚೇರಿಯಲ್ಲಿ ಮಾತ್ರ ಯಾರೂ ಬಿಡುತ್ತಿರಲಿಲ್ಲ.

ಕನ್ನಡದ ಸೀಮೆಗಳೆಲ್ಲ ಒಂದುಗೂಡಿದ ಮರುವರ್ಷ ನನಗೆ ಹಾನಗಲ್ಲಿನಿಂದ ಶಿಗ್ಗಾವಿಗೆ ವರ್ಗವಾಯಿತು. ಚಕ್ಕಡಿಗೆ ಸಾಮಾನು ಹೇರುವಾಗ ಹೆಂಡತಿ ಒರಳುಕಲ್ಲನ್ನು ಬಿಟ್ಟು ಬರಲೊಲ್ಲೆ ಎಂದಳು. ತವರಿನಿಂದ ಬಂದ ಒರಳು. ಅದರಲ್ಲಿ ಕುಟ್ಟಿದ ಶೇಂಗಾ ಚಟ್ನಿಗೆ ನಾನೂ ಸೋತವನೇ, ಹಾಗಾಗಿ ಎದುರಾಡಲಿಲ್ಲ. ಚಕ್ಕಡಿಯವರು ಇಬ್ಬರು ಅದನ್ನು ಎತ್ತಲು ಬಂದರು. ನಾನು "ಸರೀರಿ" ಎಂದೆ. ಓಣಿಯವರೆಲ್ಲ ಬೀಳ್ಕೊಡಲು ನಿಂತಿರುವಾಗ ಗುಂಡು ಎತ್ತುವವನ ಮನೆಯ ಒರಳನ್ನು ಬೇರೆಯವರು ಎತ್ತುವುದು ಚಂದವೇ? ಗುಂಡನ್ನಾದರೆ ಮರ್ಯಾದೆ ಕೊಟ್ಟು ಎತ್ತುತ್ತಿದ್ದೆ: ಅಂಗಿ ಕಳಚಿ, ಕಾಲು ಅಗಲಿಸಿ, ಉಸಿರು ಕಟ್ಟಿ. ಒರಳಿಗೆ ಅಷ್ಟು ಮರ್ಯಾದೆ ಯಾಕೆಂದು ಧೋತರ ಉಟ್ಟವನು, ಕರಿ ಟೋಪಿ ಹಾಕಿಕೊಂಡವನು, ಪಕ್ಕದ ಮನೆಯವರಿಗೆ ಏನೋ ಹೇಳುತ್ತ ನಡ ತಿರುವಿ ಎತ್ತಿದೆ.

ಕಟಕ್.

ಶಿಗ್ಗಾವಿಯವರೆಗೆ ಅದೇ ಚಕ್ಕಡಿಯಲ್ಲಿ ಹೋದೆವು. ಒರಳು ನೆಟ್ಟಗೆ ಕೂತಿತ್ತು, ನಾನು ಅದರ ಪಕ್ಕದಲ್ಲಿ ಮಲಗಿದ್ದೆ. ಬಂಕಾಪುರ ದಾಟುವವರೆಗೆ ರಸ್ತೆಯ ಒಂದೊಂದು ತಗ್ಗಿನ ಪರಿಚಯವೂ ಆಯಿತು.

ಶಿಗ್ಗಾವಿಯಲ್ಲಿ ಬಹಳ ದಿನ ಹಾಸಿಗೆ ಹಿಡಿದೆ. ನಡ ನೋಡಿದ ಕಂಪೌಂಡರ ಒಬ್ಬ ಕೈ ತೊಳೆಯುತ್ತ ಹೇಳಿದ: "ಇನ್ಮ್ಯಾಲ ತುಂಬಿದ ಕೊಡಾ ಸೈತ ಎತ್ತಬ್ಯಾಡ್ರಿ. ಲೇಖನಿ ಎತ್ರಿ, ಸಾಕು." ಅವನ ಮಾತಿಗೆ ಸಿಟ್ಟು ಬರಲಿಲ್ಲ, ನನ್ನ ಚಿಂತೆಯ ಪಟ್ಟಿಯಲ್ಲಿ ಅದಕ್ಕಿಂತ ಕೆಟ್ಟ ಸಾಲುಗಳಿದ್ದವು. ಸಿಟ್ಟು ಬಂದದ್ದು ನನ್ನ ಸಡ್ಡಕನ ಮಾತಿಗೆ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ದುಂಡಸಿಯ ಕಡೆಯ ಒಕ್ಕಲಿಗ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಕೋಣದಂಥ ಆಳು. ಅವನೂ ಗುಂಡು ಎತ್ತುವವನೇ. ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದ.

"ಅಣ್ಣಾರ," ಅಂದ, ಹಾಸಿಗೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, "ಗುಂಡಿನ ಕೂಡ ಇಷ್ಟ ವರ್ಷ ಸಂಸಾರ ಮಾಡಿದ್ರಿ. ಕಡೀಕ ಒರಳ ಕೈಯಾಗ ಸಿಕ್ರಲ್ರಿ!"

ನಾನೂ ನಕ್ಕೆ. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕೆ. ಮಂದಿ ತನ್ನನ್ನು ಚೇಷ್ಟೆ ಮಾಡುವಷ್ಟು ದಿನ ಗಂಡಸು ಗಂಡಸೇ. ಆದರೆ ಹೊರಗೆ ಹೋಗುವಾಗ ಬಾಗಿಲಲ್ಲಿ ನನ್ನ ಹೆಂಡತಿಗೆ ದನಿ ಇಳಿಸಿ ಹೇಳಿದ್ದು ಕೇಳಿಸಿತು: "ಚಲೋತಂಗ ನೋಡ್ಕೋರಿ ಅಕ್ಕಾರ. ಪಾಪ."

ಅಲ್ಲಿಂದ ಶುರುವಾಯಿತು. ಎದ್ದು ಓಡಾಡಲು ಬಂದ ಮೇಲೂ ನಿಲ್ಲಲಿಲ್ಲ. ಕಚೇರಿಯಲ್ಲಿ ದಫ್ತರದ ಗಂಟಿಗೆ ಕೈ ಹಾಕಿದರೆ ಸಿಪಾಯಿ ಓಡಿ ಬಂದು ಕಸಿದುಕೊಳ್ಳುತ್ತಿದ್ದ: "ಬಿಡ್ರಿ ಸಾಹೇಬ್ರ, ನಿಮ್ಮ ನಡಾ..." ಬಸ್ಸಿನಲ್ಲಿ ಮುದುಕರು ಎದ್ದು ಜಾಗ ಕೊಡುತ್ತಿದ್ದರು. ಬಾವಿಯ ಹತ್ತಿರ ಹೆಂಗಸರು ನನ್ನ ಹೆಂಡತಿಗೆ ಮೊದಲು ನೀರು ಸೇದಲು ಬಿಡುತ್ತಿದ್ದರು, ಯಾಕೆಂದರೆ ಮನೆಯಲ್ಲಿ ಎತ್ತುವವರು ಯಾರೂ ಇಲ್ಲ, ಪಾಪ. ಆಕೆಗೆ ಇದರಿಂದ ಅನುಕೂಲವೇ ಆಯಿತು. ನನಗೆ ಮೈ ಉರಿಯಿತು. ನಾನು ಹೆದರುಪುಕ್ಕಲ ಎಂದು ನಾನೇ ನೂರು ಸಲ ಹೇಳಿಕೊಳ್ಳುತ್ತೇನೆ, ಅದು ನನ್ನ ಹಕ್ಕು. ಬೇರೆಯವರು ನನ್ನ ಬದಲು ಹೆದರಿಕೊಳ್ಳುವುದನ್ನು ನಾನು ಸಹಿಸುವುದಿಲ್ಲ.

ಮುಂದೆ ಸವಣೂರಿಗೆ ವರ್ಗವಾಯಿತು. ಈ ಸಲ ಒರಳನ್ನು ಆಳುಗಳು ಹೊತ್ತರು. ನಾನು ದೂರ ನಿಂತು ನೋಡಿದೆ, ಒರಳು ನನ್ನನ್ನು ನೋಡಿತು.

ಸವಣೂರಿನ ನಮ್ಮ ಬಾಡಿಗೆ ಮನೆಯ ಹಿತ್ತಲಿಗೆ ಹೊಂದಿಕೊಂಡೇ ಒಂದು ತಾಲೀಮು ಇತ್ತು. ನಸುಕಿನಲ್ಲಿ ಹುಡುಗರು ಕೂತು ಎದ್ದು ಬೈಠಕು ಹೊಡೆಯುವ ಉಸಿರು ಗೋಡೆಯಾಚೆಯಿಂದ ಕೇಳುತ್ತಿತ್ತು. ಕೆಲವು ದಿನ ಮಗ್ಗುಲು ಬದಲಿಸುತ್ತ ಕೇಳಿದೆ. ಒಂದು ದಿನ ಎದ್ದು ಹೋದೆ. ಅಲ್ಲಿಯ ವಸ್ತಾದ, ಅಂದರೆ ಗುರು, ಗಡ್ಡಕ್ಕೆ ಮದರಂಗಿ ಹಚ್ಚಿದ ಮುದುಕ, ಕುಸ್ತಿ ಕಲಿಸುವುದರಲ್ಲಿ ಎಷ್ಟು ಹೆಸರಾದವನೋ ಬಯ್ಯುವುದರಲ್ಲಿ ಅದಕ್ಕಿಂತ ಹೆಚ್ಚು.

"ಬರ್ರಿ ಕಾರಕೂನ ಸಾಬ. ನೋಡಾಕ ಬಂದ್ರೇನು?"

"ಮಾಡಾಕ ಬಂದೇನಿ."

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ನಿಮ್ಮ ನಡದ ಸುದ್ದಿ ನಿಮಗಿಂತ ಮೊದಲ ಸವಣೂರಿಗೆ ಬಂದೈತಿ. ಅದು ನನ್ನ ತಾಲೀಮಿನ್ಯಾಗ ಮುರೀತಂದ್ರ ಹೆಸರ ನಂದ ಕೆಡತೈತಿ. ಬೇಕಾದ್ರ ಆ ಸಲಿಕಿ ತಗೋರಿ, ಮಣ್ಣ ತಿರುವಿ ಹಾಕ್ರಿ."

ಕುಸ್ತಿಯ ಕಣದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಕಲಸಿರುತ್ತಾರೆ. ಅದನ್ನು ದಿನಾ ಸಲಿಕೆಯಿಂದ ಬುಡಮೇಲು ಮಾಡದಿದ್ದರೆ ಕಲ್ಲಾಗುತ್ತದೆ, ಬಿದ್ದವರ ಎಲುಬು ಮುರಿಯುತ್ತದೆ. ಹೊಸದಾಗಿ ಸೇರಿದ ಎಳೆಯರಿಗೆ ಕೊಡುವ ಕೆಲಸ ಅದು. ನಾಲ್ಕು ದಿನದಲ್ಲಿ ಅಂಗೈ ಬೊಬ್ಬೆ ಬಂದು ಓಡಿಹೋಗುತ್ತಾನೆ ಎಂದು ಮುದುಕನ ಲೆಕ್ಕ. ಬೊಬ್ಬೆ ಬಂದವು. ಬೊಬ್ಬೆ ಕೀವಾಗಬಹುದು, ಕೀವು ರಕ್ತಕ್ಕೆ ಇಳಿಯಬಹುದು, ಕೈಯನ್ನೇ ತೆಗೆಯಬೇಕಾಗಬಹುದು ಎಂದು ಎಣಿಸುತ್ತಲೇ ತಿರುವಿ ಹಾಕಿದೆ. ನಡದಿಂದ ಬಾಗಿದ ದಿನ ನೋವು ಬಂತು, ಮೊಣಕಾಲು ಮಡಿಚಿ ಕೂತು ಎದ್ದ ದಿನ ಬರಲಿಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂತು, ನಾನು ಮಣ್ಣಿನಲ್ಲೇ ಇದ್ದೆ. ಒಂದು ಬೆಳಿಗ್ಗೆ ಸಲಿಕೆ ಗೋಡೆಗಾನಿಸಿ, ಹುಡುಗರ ಸಾಲಿನ ಕೊನೆಯಲ್ಲಿ ನಿಂತು ನಾನೂ ಬೈಠಕು ಹೊಡೆಯಲು ಶುರು ಮಾಡಿದೆ.

ವಸ್ತಾದ ಗುಡುಗಿದ. "ಏ! ಕಾರಕೂನ ಸಾಬಗ ಬೈಠಕ ಹೊಡೀರಿ ಅಂತ ಯಾರ ಹೇಳಿದ್ರೋ?"

"ಯಾರೂ ಹೇಳಿಲ್ರಿ," ಎಂದೆ. "ಹೇಳಿದ್ರ ಹೊಡೀತಿದ್ದಿಲ್ಲ."

ಅವನು ನನ್ನನ್ನು ಬಿಟ್ಟು ಪಕ್ಕದ ಹುಡುಗನನ್ನು ಬಯ್ಯಲು ಹೋದ. ಬಯ್ಯದೆ ಇರುವುದು ಅವನ ಭಾಷೆಯಲ್ಲಿ ಅಪ್ಪಣೆ ಎಂದು ಹುಡುಗರು ಆಮೇಲೆ ತಿಳಿಸಿದರು.

ಮನೆಯಲ್ಲಿ ಇನ್ನೊಂದು ತಾಲೀಮು ಗುಟ್ಟಾಗಿ ನಡೆದಿತ್ತು. ಹೆಂಡತಿ ನೀರಿಗೆ ಹೋದ ಹೊತ್ತಿನಲ್ಲಿ ಅಡಿಗೆಮನೆಯ ಒರಳಿನ ಮುಂದೆ ಕೂರುತ್ತಿದ್ದೆ. ಮೊದಮೊದಲು ಬರಿ ಕೈ ಇಡುವುದು. ಆಮೇಲೆ ಒಂದು ಅಂಚು ಎತ್ತಿ ಇಳಿಸುವುದು. ಹೀಗೆ ಒಮ್ಮೆ ನಾನು ಅದನ್ನು ತೊಡೆಯ ಮೇಲೆ ಎಳೆದುಕೊಂಡು, ತಬ್ಬಿಕೊಂಡು, ಏಳಲೋ ಬೇಡವೋ ಎಂದು ಉಸಿರು ಬಿಗಿಹಿಡಿದು ಕೂತಿರುವಾಗ ಬಾಗಿಲಲ್ಲಿ ಕೊಡದ ಸಪ್ಪಳವಾಯಿತು. ಬಾವಿಯ ಹಗ್ಗ ಹರಿದು ಅವಳು ಬೇಗ ಬಂದಿದ್ದಳು.

ಕೊಡ ಸೊಂಟದಲ್ಲಿಟ್ಟುಕೊಂಡೇ ಒರಳನ್ನೂ ನನ್ನನ್ನೂ ನೋಡಿದಳು. ಆಮೇಲೆ ಕೇಳಿದಳು. "ಅದರ ಕೂಡ ಏನ್ರಿ ಮಾತು?"

"ಏನಿಲ್ಲ. ಹಿಂಗ ಸುಮ್ನ."

"ಸುಮ್ನ ಹಿಂಗ ಯಾರರ ಒರಳ ಅಪ್ಕೊಂಡ ಕುಂದರ್ತಾರೇನು? ಒಮ್ಮೆ ನಡಾ ತಗೊಂಡ ಸಾಕಾಗಿಲ್ಲೇನು ಅದಕ್ಕ?"

"ನೋಡು, ನಾ ನಡದಿಂದ ಎತ್ತಾಕತ್ತಿಲ್ಲ, ತೊಡೀಲಿಂದ..."

"ಸಾಕ್ ಬಿಡ್ರಿ. ನಿಮಗ ತಿಂಗಳಾನಗಟ್ಲೆ ಎಣ್ಣಿ ತಿಕ್ಕಿದ ಕೈ ಇವು, ನಡಾ ಯಾವುದು ತೊಡಿ ಯಾವುದು ನನಗ ಹೇಳಬ್ಯಾಡ್ರಿ." ಕೊಡ ಇಳಿಸಿ ಸೆರಗು ಬಿಗಿದುಕೊಂಡಳು. ಕೂಗಾಡುತ್ತಾಳೆ, ತವರಿಗೆ ಹೊರಡುತ್ತಾಳೆ, ಅಳುತ್ತಾಳೆ ಎಂದೆಲ್ಲ ನಾನು ಎಣಿಸುತ್ತಿರುವಾಗ ಹೇಳಿದಳು: "ಹೆಂಗೂ ತೊಡಿ ಮ್ಯಾಲೆ ತಗೊಂಡೀರಿ. ಎದ್ದು ಆ ಮೂಲ್ಯಾಗ ಇಡ್ರಿ. ಇಲ್ಲಿ ಮ್ಯಾಲಿಂದ ಸೋರತೈತಿ."

ಎದ್ದೆ. ಇಟ್ಟೆ. ಅವಳು ಒರಳಿದ್ದ ಜಾಗವನ್ನು ಗುಡಿಸಿದಳು, ನನ್ನ ಕಡೆ ನೋಡಲಿಲ್ಲ. ಮುಂದಿನ ವಾರ ಆ ಮೂಲೆಯಲ್ಲೂ ಸೋರುತ್ತದೆಂದು ಹೇಳಿದಳು. ಮಳೆಯೇ ಇಲ್ಲದ ಚೈತ್ರ ವೈಶಾಖದಲ್ಲೂ ನಮ್ಮ ಅಡಿಗೆಮನೆಯ ನಾಲ್ಕೂ ಮೂಲೆ ಸರದಿಯ ಮೇಲೆ ಸೋರಿದವು.

ಇಷ್ಟಾದರೂ ಕಣಕ್ಕೆ ಇಳಿಯುವ ಯೋಚನೆ ನನಗಿರಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ತಾಲೀಮಿನ ಚಿಕ್ಕ ಗುಂಡನ್ನು ಎದೆಯವರೆಗೆ ತರುತ್ತಿದ್ದೆ. ಹೆಗಲು ದಾಟಿಸುವುದಕ್ಕೆ ಮಾತ್ರ ಧೈರ್ಯ ಸಾಲುತ್ತಿರಲಿಲ್ಲ. ಎದೆಯಿಂದ ಹೆಗಲಿಗೆ ಹೋಗುವಾಗ ನಡ ಹಿಂದಕ್ಕೆ ಬಾಗಬೇಕು. ನಾಳೆ ನೋಡೋಣ, ಬರುವ ಅಮಾವಾಸ್ಯೆ ಕಳೆಯಲಿ ಎಂದು ಮುಂದೂಡುತ್ತ ಇದ್ದವನು ಪಂಚಮಿ ಹಬ್ಬಕ್ಕೆ ಹೆಂಡತಿಯ ತವರಿಗೆ ಹೋದೆ.

ಅದು ಹಿರೇಕೆರೂರು ತಾಲೂಕಿನಲ್ಲಿ ಅಬಲೂರಿನಿಂದ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿ ಒಂದು ರೂಢಿ ಇದೆ, ಬೇರೆಲ್ಲೂ ನಾನು ನೋಡಿಲ್ಲ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಾರೆ, ಅವರ ಹಿಂದೆ ಬಂದ ಅಳಿಯಂದಿರು ಕೂತು ಉಣ್ಣುತ್ತಾರೆ. ಬರಿ ಉಂಡು ಹೋದರೆ ಹೇಗೆ? ಅದಕ್ಕೆ ಹಬ್ಬದ ಮರುದಿನ ಅಳಿಯಂದಿರು ಹನುಮಪ್ಪನ ಗುಡಿಯ ಮುಂದಿನ ಗುಂಡು ಎತ್ತಬೇಕು. ಆ ದಿನ ಊರಿನ ಗಂಡುಮಕ್ಕಳು ಅದನ್ನು ಮುಟ್ಟುವಂತಿಲ್ಲ. ಮಧ್ಯಾಹ್ನದ ಊಟಕ್ಕೆ ಅಳಿಯಂದಿರೆಲ್ಲ ಒಂದು ಮನೆಯ ಪಡಸಾಲೆಯಲ್ಲಿ ಸೇರುತ್ತಾರೆ, ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆ ಬರುತ್ತದೆ. ಎಲೆಯನ್ನು ಬಾಯಿಗೆ ಹಾಕಿಕೊಂಡವನು ಗುಂಡಿಗೆ ಒಪ್ಪಿದ ಹಾಗೆ. ಕಿಸೆಗೆ ಹಾಕಿಕೊಂಡವನು ಒಲ್ಲೆ ಎಂದ ಹಾಗೆ. ಅವನನ್ನು ಯಾರೂ ಆಡಿಕೊಳ್ಳುವುದಿಲ್ಲ. ಒಪ್ಪಿ ಎತ್ತಲಾರದೆ ಹೋದವನಿಗೆ ಮಾತ್ರ ಮುಂದಿನ ವರ್ಷದಿಂದ ಆ ತಟ್ಟೆ ಮುಂದೆ ಬರುವುದಿಲ್ಲ. ಅವನ ಎಲೆ ಒಳಗಿನಿಂದ, ಹೆಂಗಸರ ತಟ್ಟೆಯಲ್ಲಿ ಬರುತ್ತದೆ, ಅವನು ಸಾಯುವತನಕ.

ಆ ವರ್ಷ ಊಟ ನಮ್ಮ ಮಾವನ ಪಡಸಾಲೆಯಲ್ಲೇ. ತಟ್ಟೆಯಲ್ಲಿದ್ದ ಎಲೆ ನಾನೇ ಸವಣೂರಿನಿಂದ ಕಟ್ಟಿಸಿಕೊಂಡು ಹೋದದ್ದು. ಸವಣೂರಿನ ಎಲೆ ಎಂದರೆ ಆ ಕಡೆಯವರಿಗೆ ಬಲು ಮೇಲು. ಮಾವ ತಾವೇ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಿದ್ದರು. ನಾನು ಕಿಸೆಯ ಬಾಯಿ ಅಗಲಿಸಿ ಇಟ್ಟುಕೊಂಡಿದ್ದೆ. ಅಂಗಿಯ ಎಡಗಿಸೆಯೋ ಬಲಗಿಸೆಯೋ ಎಂಬುದನ್ನೂ ನಿಶ್ಚಯಿಸಿದ್ದೆ. ನನ್ನ ಪಕ್ಕದ ಸಡ್ಡಕ ಎಲೆ ತೆಗೆದುಕೊಂಡು, ಸುಣ್ಣ ಸವರಿ, ಗಲ್ಲ ಉಬ್ಬಿಸಿ ಜಗಿದ. ಮುಂದೆ ನಾನು. ಮಾವನ ಕೈ ನನ್ನ ಮುಂದೆ ಒಂದು ಗಳಿಗೆ ತಡೆಯಿತು. ಆಮೇಲೆ ತಟ್ಟೆ ನನ್ನನ್ನು ದಾಟಿ ಆಚೆಯವನ ಕಡೆಗೆ ಹೋಯಿತು. ಮಾವ ಅಡಿಗೆಮನೆಯ ಕಡೆ ಮುಖ ಮಾಡಿ ಮೆಲ್ಲಗೆ ಕೂಗಿದರು: "ಒಳಗಿಂದ ಇವರಿಗೊಂದ ಎಲಿ ತರ್ರಿ."

ಅವರ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು. ನಾಲ್ಕು ಜನರ ಮುಂದೆ ಎಲೆಯನ್ನು ಕಿಸೆಗೆ ಹಾಕಿಕೊಳ್ಳುವ ಕಷ್ಟವೂ ನನಗೆ ಬೇಡ ಎಂದು ಹಾಗೆ ಮಾಡಿದ್ದರು. ಆದರೆ ಒಲ್ಲೆ ಎನ್ನುವುದು ಒಂದು, ಕೇಳದೆಯೇ ಬಿಡುವುದು ಇನ್ನೊಂದು.

ಸಡ್ಡಕ ಎಲೆ ತುಂಬಿದ ಬಾಯಲ್ಲೇ ಹೇಳಿದ: "ಚಲೋ ಮಾಡಿದ್ರಿ ಮಾವಾರ. ಅಣ್ಣಾರ ಪಾಲಿಂದೂ ನಾನ ಎತ್ತತೇನಿ. ಪಾಪ."

ನನ್ನ ಕೈ ಅಷ್ಟು ಉದ್ದವಿದೆಯೆಂದು ನನಗೇ ತಿಳಿದಿರಲಿಲ್ಲ. ಆಚೆಯವನ ಮಡಿಲ ಮೇಲಿನಿಂದ ಹಾದು, ತಟ್ಟೆಯಿಂದ ಎರಡು ಎಲೆ ಎತ್ತಿ, ಸುಣ್ಣವಿಲ್ಲ ಅಡಿಕೆಯಿಲ್ಲ, ಹಾಗೇ ಮಡಿಚಿ ಬಾಯಿಗೆ ತುರುಕಿಕೊಂಡಿತು. ಶೌರ್ಯವೆಂದು ಹೇಳಿಕೊಂಡರೆ ಇವತ್ತು ಅಲ್ಲ ಎನ್ನುವವರು ಯಾರೂ ಇಲ್ಲ. ಆದರೆ ನಿಜ ಹೇಳಬೇಕು: ಅರ್ಧ ಶೌರ್ಯ, ಅರ್ಧ ಕಡುಬು. ಅಷ್ಟು ತುಪ್ಪ ಉಂಡವನಿಗೆ ಒಂದು ಎಲೆ ಬೇಕೇ ಬೇಕು, ಅದೂ ತಾನೇ ತಂದ ಎಲೆ.

ಜಗಿಯುತ್ತಿದ್ದ ಅಳಿಯಂದಿರೆಲ್ಲ ಕತ್ತು ಹೊರಳಿಸಿ ನನ್ನನ್ನು ನೋಡಿದರು.

ಮಾವ ತಟ್ಟೆ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಾಗಿದರು. "ಅಳಿಯಂದ್ರ, ಉಗುಳಿ ಬಿಡ್ರಿ. ಇನ್ನೂ ನುಂಗಿಲ್ಲ. ನಾವ್ಯಾರೂ ನೋಡೇ ಇಲ್ಲ."

ಬಾಯಿ ತುಂಬಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಅವರ ಕಣ್ಣಲ್ಲಿ ಕಣ್ಣಿಟ್ಟು ಜಗಿದೆ. ನುಂಗಿದೆ. ಆ ಕ್ಷಣಕ್ಕೆ ಸರಿಯಾಗಿ ನನ್ನ ಚಿಂತೆಗಳೆಲ್ಲ ಒಂದೇ ಚಕ್ಕಡಿಯಲ್ಲಿ ಬಂದು ಇಳಿದವು.

ಬಚ್ಚಲಮನೆಯ ಹತ್ತಿರ ಹೆಂಡತಿ ಹಿಡಿದಳು. "ಏನ ಮಾಡಿದ್ರಿ?"

"ಎಲಿ ತಿಂದೆ."

"ಯಾವ ತಟ್ಟೀದು?"

ನಾನು ಮೇಲೆ ತೊಲೆ ನೋಡಿದೆ.

"ನಾ ಹೇಳಿದ್ನಿಲ್ಲೋ?" ಎಂದಳು. ಅವಳು ಏನೂ ಹೇಳಿರಲಿಲ್ಲ. ಅದನ್ನು ತೋರಿಸಿಕೊಡುವ ಹೊತ್ತು ಅದಾಗಿರಲಿಲ್ಲ. ಒಳಗೆ ಹೋಗಿ ತನ್ನ ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಹರಿದು ತಂದಳು. ನನ್ನ ಸುತ್ತ ಸುತ್ತುತ್ತ, ಮೊಣಕಾಲನ್ನು ಗೋಡೆಗೆ ಕೊಟ್ಟು ಎಳೆಯುತ್ತ ಬಿಗಿದಳು. "ಉಸರ ಬಿಡ್ರಿ. ಇನ್ನೂ ಬಿಡ್ರಿ. ಅಯ್ಯ, ಕಡಬು ಎಷ್ಟ ತಿಂದೀರಿ!"

"ಗುಂಡಿನಿಂದ ಬಿಡಸ್ಕೊಳ್ಲೇನು? ನಿಮ್ಮ ಅಪ್ಪಗ ಹೇಳಿ..."

ಗಂಟು ಹಾಕುತ್ತಿದ್ದ ಕೈ ನಿಂತಿತು. "ಬಿಡಸ್ಕೊಂಡ ಬರ್ರಿ. ಮುಂದಿನ ವರ್ಷ ನಿಮ್ಮ ಎಲಿ ನಾನ ಒಳಗಿಂದ ತಂದ ಕೊಡ್ತೇನಿ. ಸಡಗರಾ ಇರತೈತಿ."

"ಬಿಗಿ," ಎಂದೆ. "ಇನ್ನೊಂದ ಸುತ್ತ ಬಿಗಿ."

ಗುಡಿಯ ಮುಂದೆ ಮಂದಿ ಸೇರಿತ್ತು. ಜೋಕಾಲಿ ಆಡುತ್ತಿದ್ದವರೂ ಇಳಿದು ಬಂದಿದ್ದರು. ಮೊದಲು ಸಡ್ಡಕ ಎತ್ತಿದ. ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ: ಅವನು ಎತ್ತುವುದನ್ನು ನೋಡಿದರೆ ಕಲ್ಲಿಗೇ ನಾಚಿಕೆಯಾಗಬೇಕು, ಅಷ್ಟು ಸಲೀಸು. ಆಮೇಲೆ ಹೊಸದಾಗಿ ಮದುವೆಯಾದ ಒಬ್ಬ ಅಳಿಯ ಬಂದ, ಎದೆಯವರೆಗೆ ತಂದು ಕೈಬಿಟ್ಟ. "ತಟ್ಟಿ ಹೋತೋ!" ಎಂದು ಹುಡುಗಿಯರು ಕೂಗಿದರು. ಅವನ ಹೆಂಡತಿ ಸೆರಗನ್ನು ಮುಖಕ್ಕೆ ಹಿಡಿದುಕೊಂಡಳು. ಅದನ್ನು ನೋಡಿ ನಾನು ನಡಕ್ಕೆ ಬಿಗಿದ ಸೀರೆಯ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದೆ.

ಅಂಗಿ, ಧೋತರ ಕಳಚಿ ಲಂಗೋಟಿಯಲ್ಲಿ ನಿಂತೆ. ನನ್ನ ಮೈಯಲ್ಲಿ ಕಾರಕೂನಿಕೆ ಎಲ್ಲೆಲ್ಲಿ ಕೂತಿತ್ತೋ ಅದೆಲ್ಲ ಊರಿಗೆ ಕಂಡಿತು. ಅಳಿಯಂದಿರಲ್ಲೇ ಯಾರೋ ಕಲ್ಲನ್ನು ಒಣ ಬಟ್ಟೆಯಿಂದ ಒರೆಸಿ ಬೂದಿ ಹಚ್ಚಿದರು, ಜಿಟಿಜಿಟಿ ಮಳೆ ಅದನ್ನು ಅಷ್ಟೇ ಬೇಗ ತೊಳೆಯಿತು. ನಾನೂ ಅಂಗೈಗೆ ಬೂದಿ ತಿಕ್ಕಿಕೊಂಡು ಕಲ್ಲಿನ ಮುಂದೆ ಕೂತೆ.

ಸಡ್ಡಕ ಹತ್ತಿರ ಬಂದು ಬಾಗಿದ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ, ಅದೇ ತೊಂದರೆ. "ಅಣ್ಣಾರ, ತೊಡೀತನಕ ಬಂದ್ರ ಸಾಕ್ರಿ. ಎತ್ತೀರಿ ಅಂತ ನಾವ ಒಪ್ಕೊಂತೇವಿ. ಮಾವಾರಿಗೂ ಹೇಳೇನಿ."

ತಲೆ ಎತ್ತಿ ನೋಡಿದೆ. ಮಾವ ನನ್ನ ಕಡೆಗೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

"ನಿನ್ನ ರಿಯಾಯತಿ ನಿನ್ನ ಎತ್ತಿಗೆ ಕೊಡಪಾ," ಎಂದೆ. "ಹಿಂದ ಸರಿ. ಹೆಗಲ ದಾಟಿಸಿ ಒಗ್ಯಾಂವ ಅದೇನಿ, ಕಾಲ ಮ್ಯಾಲೆ ಬಿದ್ದೀತು."

ಮಾತು ಜೋರಾಗಿಯೇ ಬಂತು. ಅಂದ ಮೇಲೆ ಯಾರ ಬಾಯಿಂದ ಬಂತೆಂದು ನಾನೇ ತಿರುಗಿ ನೋಡುವ ಹಾಗಾಯಿತು. ಎಲೆ ನುಂಗಿದ ಮೇಲೆ ಇದು ನನಗೆ ನಾನೇ ಹಾಕಿಕೊಂಡ ಎರಡನೆಯ ಗಂಟು. ಇನ್ನು ಎದೆಯವರೆಗೆ ತಂದರೂ ಸಾಲದು.

ಬೆರಳನ್ನು ಕಲ್ಲಿನ ಕೆಳಗೆ ಹಾಕಿದೆ. ಕೆಸರು ತಣ್ಣಗಿತ್ತು. ನಡವನ್ನು ಮರೆತು ತೊಡೆಗಳನ್ನು ನೆನೆದೆ. ಕಲ್ಲು ಏಳಲಿಲ್ಲ. ಯಾರೋ ಹೆಂಗಸು "ಅಯ್ಯೋ ಶಿವನ" ಅಂದಳು. ಇನ್ನೊಮ್ಮೆ ಉಸಿರು ಕಟ್ಟಿ, ಮುಂದಕ್ಕೆ ಉರುಳಿಸಿ, ಅದು ತಿರುಗಿ ಬರುವ ಓಘದಲ್ಲಿ ಎಳೆದೆ. ತೊಡೆಯ ಮೇಲೆ ಬಂದು ಕೂತಿತು. ತೊಡೆಯ ಚರ್ಮ ಸುಲಿದದ್ದು ತಿಳಿಯಿತು, ಅದಕ್ಕೆ ಆಮೇಲೆ ಚಿಂತೆ ಮಾಡೋಣ ಎಂದುಕೊಂಡೆ. ಜೀವಮಾನದಲ್ಲಿ ಒಂದು ಚಿಂತೆಯನ್ನು ನಾನು ಆಮೇಲೆಗೆ ಇಟ್ಟದ್ದು ಅದೇ ಮೊದಲು. ಅಪ್ಪಿಕೊಂಡು ಎದ್ದೆ. ಸೀರೆಯ ಪಟ್ಟಿ ಹೊಟ್ಟೆಯನ್ನು ಕೊಯ್ಯುತ್ತಿತ್ತು. ಹೊಟ್ಟೆಯಿಂದ ಎದೆಗೆ ತಂದೆ. ಇಲ್ಲಿಯವರೆಗಿನ ಹಾದಿ ಗೊತ್ತಿದ್ದದ್ದು.

ಇಲ್ಲಿಂದ ನಡ ಹಿಂದಕ್ಕೆ ಬಾಗಬೇಕು.

ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಗುಂಡನ್ನು ಎದೆಗವಚಿಕೊಂಡು, ಗದ್ದವನ್ನು ಅದರ ಮೇಲಿಟ್ಟುಕೊಂಡು, ಎದುರಿಗಿನ ಮಂದಿಯನ್ನೆಲ್ಲ ನೋಡುತ್ತಿದ್ದೆ. ಎಲ್ಲರ ಮುಖದ ಮೇಲೂ ಅದೇ ಮಾತು ತುಟಿಯ ತುದಿಗೆ ಬಂದು ಕೂತಿತ್ತು, ನಾನು ಕೈಬಿಡುವುದನ್ನೇ ಕಾಯುತ್ತಿತ್ತು. ಒಬ್ಬಳು ಮಾತ್ರ ಹಾಗಿರಲಿಲ್ಲ. ನನ್ನ ಹೆಂಡತಿ ಎರಡೂ ಕೈಯನ್ನು ನಡದ ಮೇಲಿಟ್ಟುಕೊಂಡು, ಗಂಡ ಒರಳನ್ನು ಇಡಬೇಕಾದ ಮೂಲೆ ಬಿಟ್ಟು ಅಡಿಗೆಮನೆಯ ನಡುವೆ ನಿಂತಾಗ ನೋಡುವ ಹಾಗೆ, ಬೇಸರದಿಂದ ನೋಡುತ್ತಿದ್ದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಒದರಿದಳು: "ಎಷ್ಟೊತ್ತ ಹಿಡ್ಕೊಂಡ ನಿಂದರ್ತೀರಿ? ಒಗೀರಿ ಅತ್ಲಾಗ!"

ಬಾಗಿದೆ. ನಡ ಏನೋ ಅಂದಿತು. ಕಟಕ್ ಎನ್ನಲಿಲ್ಲ, ಮುದುಕರು ಕಟ್ಟೆಯಿಂದ ಏಳುವಾಗ ಗೊಣಗುತ್ತಾರಲ್ಲ, ಅಂಥದು. ಗೊಣಗು, ಎಂದೆ. ಕಲ್ಲು ಹೆಗಲಿಗೆ ಬಂತು, ಕಿವಿಯನ್ನು ಉಜ್ಜಿತು, ಬೆನ್ನ ಹಿಂದೆ ಹೋಯಿತು. ನೆಲ ಧೊಪ್ಪೆಂದಿತು.

ಗದ್ದಲ ಎದ್ದಿತು. ನನಗೆ ಅದು ಬಾವಿಯೊಳಗಿನಿಂದ ಕೇಳಿದಂತೆ ಕೇಳಿಸಿತು. ನಾನು ನಿಂತೇ ಇದ್ದೆ, ಲಂಗೋಟಿ ಇದ್ದಲ್ಲೇ ಇತ್ತು, ಕಡುಬೂ ಇದ್ದಲ್ಲೇ ಇತ್ತು. ಸಡ್ಡಕ ಎರಡು ಹೆಜ್ಜೆ ಹತ್ತಿರ ಬಂದು, ನನ್ನ ಸುಲಿದ ತೊಡೆ ನೋಡಿ, ಮುಖ ನೋಡಿ, ಹೇಳಿದ: "ಅಣ್ಣಾರ, ನಿಮ್ಮ ತಲಿ ಪೂರಾ ಕೆಟ್ಟೈತಿ ನೋಡ್ರಿ."

ಆ ಹಬ್ಬದಲ್ಲಿ ನನಗೆ ಬಂದ ಉಡುಗೊರೆಗಳಲ್ಲಿ ಅದಕ್ಕಿಂತ ಒಳ್ಳೆಯದು ಯಾವುದೂ ಇರಲಿಲ್ಲ. ಮಾವನ ಕಡೆ ತಿರುಗಿ ಹೇಳಿದೆ: "ಮುಂದಿನ ವರ್ಷ ತಟ್ಟಿ ನನ್ನ ಕಡಿಂದ ಸುರು ಆಗ್ಲಿ ಮಾವಾರ."

"ಆಗ್ಲಿರಿ, ಆಗ್ಲಿ," ಎಂದರು ಮಾವ. ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ನೋಡುತ್ತಿದ್ದರು. ಎಲ್ಲರೂ ನನ್ನ ಹಿಂದೆಯೇ ನೋಡುತ್ತಿದ್ದರು.

ನನ್ನ ಬೆನ್ನ ಹಿಂದೆ ಇಳಿಜಾರು. ಮಳೆಗೆ ನೆನೆದ ನೆಲ. ನಾನು ಒಗೆದ ಕಲ್ಲು ಬಿದ್ದಲ್ಲಿ ನಿಲ್ಲದೆ, ಅವಸರವೇನೂ ಇಲ್ಲದವರಂತೆ, ಬೇವಿನ ಕಟ್ಟೆಯ ಕಡೆಗೆ ಉರುಳಿ ಹೋಗುತ್ತಿತ್ತು. ಅಳಿಯಂದಿರು ಯಾರೂ ಅದರ ಹತ್ತಿರ ಇರಲಿಲ್ಲ. ಹತ್ತಿರ ಇದ್ದ ಊರಿನ ಗಂಡುಮಕ್ಕಳು ಆ ದಿನ ಅದನ್ನು ಮುಟ್ಟುವಂತಿಲ್ಲ. ಅವರು ದಾರಿ ಬಿಟ್ಟು ಮರ್ಯಾದೆಯಿಂದ ಎರಡೂ ಬದಿಗೆ ಸರಿದು ನಿಂತರು. ಕಟ್ಟೆಯ ಬುಡದಲ್ಲಿ, ಯಾರೂ ತುಳಿಯದಿರಲಿ, ಯಾರೂ ಒಯ್ಯದಿರಲಿ ಎಂದು ನೂರು ಸಲ ಯೋಚಿಸಿ ಜಾಗ ಹುಡುಕಿ ಇಟ್ಟ ನನ್ನ ಕೊಡೆ ಇತ್ತು. ಕಲ್ಲು ಹೋಗಿ ಅದರ ಮೇಲೆ ಹತ್ತಿತು. ಕಡ್ಡಿಗಳು ಒಂದೊಂದಾಗಿ ಮುರಿದ ಸಪ್ಪಳ ಅಷ್ಟು ದೂರಕ್ಕೂ ಕೇಳಿಸಿತು.

ಆ ದಿನ ಕೆಟ್ಟದ್ದು ಅಂತ ಆದದ್ದು ಅದೊಂದೇ. ಕಲ್ಲು ಕೊಡೆಯ ಮೇಲೆ ಹೋಗಬಹುದೆಂದು ಮಾತ್ರ ನನಗೆ ಹೊಳೆದೇ ಇರಲಿಲ್ಲ.

ಮಳೆ ಜೋರಾಯಿತು. ಸಡ್ಡಕ ತನ್ನ ಕಂಬಳಿಯ ಕೊಪ್ಪೆಯನ್ನು ನನ್ನ ತಲೆಯ ಮೇಲೆ ಹಿಡಿಯಲು ಬಂದ. ಬೇಡ ಎಂದೆ. ಅಂಗಿಯನ್ನೂ ಹಾಕಿಕೊಳ್ಳದೆ, ತೋಯಿಸಿಕೊಳ್ಳುತ್ತ, ಓಣಿಯ ನಟ್ಟನಡುವೆ ಮಾವನ ಮನೆಗೆ ನಡೆದೆ.